ಗುಂಡು ಎತ್ತಿದ ತೋಳು, ಒತ್ತಡ ಹೊತ್ತ ಗುಂಡಿಗೆ

ವಿಜಯಪುರದ ಗಾಂಧಿ ಚೌಕದಲ್ಲಿ ಚೀಲ ಇಳಿಸುವ ಹಮಾಲರ ಹೆಗಲು ನೋಡಿ. ಭಾರ ಬಿದ್ದಲ್ಲೇ ಮಾಂಸ ಗಟ್ಟಿಯಾಗಿ ಬೆಳೆದಿರುತ್ತದೆ. ಹತ್ತಿರದ ಸಿದ್ಧೇಶ್ವರ ಗುಡಿಯ ಸಂಕ್ರಾಂತಿ ಜಾತ್ರೆಗೆ ಕುಸ್ತಿ, ಭಾರ ಎತ್ತುವ ಪಂದ್ಯ ನೋಡಲು ಜನ ಮುಗಿಬೀಳುತ್ತಾರೆ. ದುಡಿದ ಸ್ನಾಯು ದಪ್ಪವಾದರೆ ನಮಗೆ ಖುಷಿ. ಗುಂಡಿಗೆಯೂ ಸ್ನಾಯುವೇ, ಬಿಪಿ ಏರಿದರೆ ಅದೂ ದಪ್ಪವಾಗುತ್ತದೆ. ಆದರೆ ಅದಕ್ಕೆ ಶಾಬಾಸ್ ಹೇಳುವಂತಿಲ್ಲ.

ದೇಹಕ್ಕೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ಸಾಮಾನ್ಯವಾಗಿ 1 ಸೆಂಟಿಮೀಟರಿನಷ್ಟೂ ದಪ್ಪವಿರುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಬಡಿತ. ರಕ್ತನಾಳದಲ್ಲಿ ಒತ್ತಡ ಹೆಚ್ಚಿದರೆ ಪ್ರತಿ ಬಡಿತಕ್ಕೂ ಹೆಚ್ಚು ಜೋರು ಹಾಕಬೇಕು. ಗೋಡೆ ದಪ್ಪವಾದಷ್ಟೂ ಆ ಹೊರೆ ಹಂಚಿಹೋಗುತ್ತದೆ. ದೊಡ್ಡವರ ಹೃದಯದಲ್ಲಿ ಹೊಸ ಸ್ನಾಯುಕೋಶ ಹುಟ್ಟುವುದು ತೀರ ಅಪರೂಪ. ಹಾಗಾಗಿ ಇದ್ದ ಕೋಶವೇ ಹಳೆಯ ಎಳೆಯ ಪಕ್ಕಕ್ಕೆ ಹೊಸ ಎಳೆ ಹೊಸೆದುಕೊಂಡು ಉಬ್ಬುತ್ತದೆ.

ಉಬ್ಬು ಎಂದು ಅದಕ್ಕೆ ಹೇಳುವವರು ಯಾರು? 1993ರಲ್ಲಿ ವಿಜ್ಞಾನಿಗಳಾದ ಸದೋಶಿಮಾ, ಇಜುಮೊ ಮತ್ತು ಸಂಗಡಿಗರು ಇಲಿಮರಿಯ ಹೃದಯಕೋಶಗಳನ್ನು ಹಿಗ್ಗಿಸಿ ನೋಡಿದರು. ಎಳೆತಕ್ಕೆ ಸಿಕ್ಕ ಕೋಶವೇ ಆಂಜಿಯೊಟೆನ್ಸಿನ್-2 ಎಂಬ ರಾಸಾಯನಿಕ ಹೊರಬಿಟ್ಟು ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತಿತ್ತು! ಎಂಡೊಥೀಲಿನ್ ಎಂಬ ಇನ್ನೊಂದು ರಾಸಾಯನಿಕವೂ ಇದಕ್ಕೆ ಕೈಜೋಡಿಸುತ್ತದೆ. ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಅಂಶದ ಕೆಲಸವೇ ಬೇರೆ: ಅದು ಕೋಶಗಳ ನಡುವೆ ನಾರು ತುಂಬಿಸುತ್ತದೆ. ನಾರು ತುಂಬಿದ ಗುಂಡಿಗೆ ಸಡಿಲವಾಗಿ ರಕ್ತ ತುಂಬಿಕೊಳ್ಳಲಾರದು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಆಮೇಲಿನ ಮಾತು.

ಹಾಗಾದರೆ ಪೈಲ್ವಾನರ ಗತಿ? 1975ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕುಸ್ತಿಪಟುಗಳ ಹೃದಯದ ಗೋಡೆಯೂ ದಪ್ಪವಾಗಿತ್ತು. ಆದರೆ ಕಸರತ್ತಿನ ಬೆಳವಣಿಗೆಯಲ್ಲಿ ಐಜಿಎಫ್-1 ಎಂಬ ಅಂಶದ ಪಾತ್ರ ದೊಡ್ಡದು. ನಾರು ಅಷ್ಟಾಗಿ ಕಟ್ಟುವುದಿಲ್ಲ. ಅದೂ ಅಲ್ಲದೆ ಪೈಲ್ವಾನ ಗುಂಡು ಕೆಳಗಿಟ್ಟು ಹಾಲು ಕುಡಿದು ಮಲಗುತ್ತಾನೆ. ಬಿಪಿ ನಿದ್ದೆಯಲ್ಲೂ ಭಾರ ಇಳಿಸಗೊಡುವುದಿಲ್ಲ.

ಬ್ರೆಜಿಲಿನ ಹಾವಿನ ವಿಷದ ಜಾಡು ಹಿಡಿದು ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಗುಳಿಗೆ ಬಂತು. ಆಂಜಿಯೊಟೆನ್ಸಿನ್-2 ತಯಾರಾಗುವುದನ್ನೇ ಅದು ತಡೆಯುತ್ತದೆ. ಆ ರಾಸಾಯನಿಕದ ಅಪ್ಪಣೆ ಕೋಶಕ್ಕೆ ಕೇಳಿಸದಂತೆ ಮಾಡುವುದು ಲೊಸಾರ್ಟನ್ ಎಂಬ ಗುಳಿಗೆ. ಹೃದಯ ದಪ್ಪವಾಗಿದ್ದ 9,000ಕ್ಕೂ ಹೆಚ್ಚು ಬಿಪಿ ರೋಗಿಗಳ ಮೇಲೆ ನಡೆದ ‘ಲೈಫ್’ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಲೊಸಾರ್ಟನ್, ಅಟೆನೊಲಾಲ್ ಎಂಬ ಇನ್ನೊಂದು ಬಿಪಿ ಗುಳಿಗೆ ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದ್ದವು. ಗೋಡೆಯ ದಪ್ಪ ಹೆಚ್ಚು ಕರಗಿದ್ದು ಲೊಸಾರ್ಟನ್ ನುಂಗಿದವರಲ್ಲಿ.

‘ಆರಾಮ ಅದೀನ್ರೀ, ಗುಳಿಗಿ ಯಾಕ?’ ಎನ್ನುವವರು ಚೌಕದ ಚಹಾದಂಗಡಿಯಲ್ಲೂ ಸಿಗುತ್ತಾರೆ, ಟಿಕೋಟಾ, ಬಬಲೇಶ್ವರದ ಸಂತೆಯಲ್ಲೂ. ಗೋಡೆ ದಪ್ಪವಾಗುವಾಗ ನೋವಿಲ್ಲ, ಸದ್ದಿಲ್ಲ. ಮೂವತ್ತು ದಾಟಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ತೋರಿಸಿ, ದುಡ್ಡು ಕೊಡಬೇಕಿಲ್ಲ. ಗುಳಿಗೆ ಶುರುವಾಗಿದ್ದರೆ ವೈದ್ಯರನ್ನು ಕೇಳದೆ ಬಿಡಬೇಡಿ.