ಡೇಟಾಬೇಸ್ ಟ್ರಿಗರ್
ಡೇಟಾಬೇಸ್ ಟ್ರಿಗರ್ ಎಂಬುದು ದತ್ತಸಂಚಯದ ಕೋಷ್ಟಕವೊಂದರಲ್ಲಿ ದಾಖಲೆಯನ್ನು ಸೇರಿಸಿದಾಗ, ತಿದ್ದಿದಾಗ ಅಥವಾ ಅಳಿಸಿದಾಗ ತಾನಾಗಿಯೇ ಚಾಲನೆಗೊಳ್ಳುವ ಕ್ರಮವಿಧಿ. ಎಸ್‌ಕ್ಯೂಎಲ್ ಭಾಷೆಯ 1999ರ ಮಾನಕದಲ್ಲಿ ಇದಕ್ಕೆ ಸ್ಥಾನ ದೊರೆಯಿತು.

ಬಳಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬೆಳೆಗಾರರು ಚಾಲಿ, ರಾಶಿ ಮೊದಲಾದ ಅಡಿಕೆಯನ್ನು ಸಹಕಾರಿ ಸಂಘಗಳ ಮೂಲಕ ಟೆಂಡರಿನಲ್ಲಿ ಮಾರುತ್ತಾರೆ. ಅಂತಹ ಸಂಘವೊಂದರ ತಂತ್ರಾಂಶವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ‘ತೂಕ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬ ನಿಯಮಕ್ಕೆ ‘ಚೆಕ್’ ನಿರ್ಬಂಧವೇ ಸಾಕು. ಆದರೆ ‘ಮಾರಾಟವಾದ ಒಟ್ಟು ತೂಕವು ಬೆಳೆಗಾರನು ತಂದಿಟ್ಟ ತೂಕವನ್ನು ಮೀರಬಾರದು’ ಎಂಬ ನಿಯಮಕ್ಕೆ ಬೇರೆ ಕೋಷ್ಟಕವನ್ನೂ ನೋಡಬೇಕಾಗುತ್ತದೆ. ಮಾರಾಟದ ಕೋಷ್ಟಕಕ್ಕೆ ಬರೆದ ‘ಬಿಫೋರ್’ ಟ್ರಿಗರ್ ಇದನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ದೋಷಸೂಚನೆ ನೀಡಿ ನಮೂದನ್ನು ತಡೆಯುತ್ತದೆ. ನಮೂದು ಕಚೇರಿಯ ಗಣಕದಿಂದ ಬಂದರೂ ಮೊಬೈಲ್ ಆ್ಯಪ್‌ನಿಂದ ಬಂದರೂ ಅದೇ ನಿಯಮ ಅನ್ವಯಿಸುತ್ತದೆ. ‘ಆಫ್ಟರ್’ ಟ್ರಿಗರ್ ಹಳೆಯ ಹಾಗೂ ಹೊಸ ಮೌಲ್ಯಗಳನ್ನು ಲೆಕ್ಕಪರಿಶೋಧನೆಗಾಗಿ ಪ್ರತ್ಯೇಕವಾಗಿ ದಾಖಲಿಸಬಲ್ಲದು.

ಮಿತಿಗಳು

ಇಬ್ಬರು ಗುಮಾಸ್ತರು ಒಂದೇ ಖಾತೆಯ ಮಾರಾಟವನ್ನು ಏಕಕಾಲಕ್ಕೆ ನಮೂದಿಸಿದರೆ, ಒಂದು ವ್ಯವಹಾರಕ್ಕೆ ಇನ್ನೊಂದು ಕಾಣದೆ ಎರಡೂ ಅಂಗೀಕೃತವಾಗಿ, ಇಲ್ಲದ ಅಡಿಕೆಯೂ ಮಾರಾಟವಾದಂತೆ ಲೆಕ್ಕ ಸೇರಬಹುದು. ಆದುದರಿಂದ ಟ್ರಿಗರ್ ಮೊದಲು ಆ ಖಾತೆಯ ಸಾಲನ್ನು ಲಾಕ್ ಮಾಡಿ, ಅನಂತರ ಮೊತ್ತವನ್ನು ಪರಿಶೀಲಿಸಬೇಕು. ತಂದಿಟ್ಟ ತೂಕವನ್ನು ತಿದ್ದುವಾಗಲೂ ಇದೇ ಪರಿಶೀಲನೆ ಅಗತ್ಯ. ಟ್ರಿಗರ್‌ಗಳು ಅಪ್ಲಿಕೇಶನ್ನಿನ ಕೋಡ್‌ನಲ್ಲಿ ಕಾಣಿಸದ ಕಾರಣ ದೋಷಗಳನ್ನು ಪತ್ತೆಹಚ್ಚುವುದು ಕಷ್ಟ. ಹೀಗಾಗಿ ಸರಳ ನಿರ್ಬಂಧಗಳಿಂದ ಸಾಧ್ಯವಾಗದ ನಿಯಮಗಳಿಗೆ ಮಾತ್ರ ಇವುಗಳನ್ನು ಬಳಸುವುದು ಸೂಕ್ತ.