ಕಾಡುಗಳ್ಳನ ಕಣ್ಣುಬೇನೆ

ದಂತಚೋರನೂ ನರಹಂತಕನೂ ಆದ ವೀರಪ್ಪನ್ 2004ನೆಯ ಇಸವಿ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಹತನಾದ ಸಂಗತಿಯು ಸರ್ವವಿದಿತವಾಗಿದೆ. ಇಷ್ಟು ವರ್ಷಗಳು ಕಳೆದ ಮೇಲೂ ಮಂಡ್ಯದ ಕಚೇರಿಗಳ ಮುಂದೆ, ಮದ್ದೂರಿನ ರೈಲ್ವೆ ನಿಲ್ದಾಣದಲ್ಲಿ, ಮಳವಳ್ಳಿಯ ಸಂತೆಯಲ್ಲಿ ಅವನ ಮಾತು ಬಂದಿತೆಂದರೆ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಅವನಿಗೆ ನಿಜವಾಗಿಯೂ ಕಣ್ಣು ಕೆಟ್ಟಿತ್ತೆ? ಕೆಟ್ಟಿದ್ದ ಪಕ್ಷದಲ್ಲಿ ಅವನನ್ನು ಜೀವಸಹಿತ ಹಿಡಿಯಲು ಏಕಾಗಲಿಲ್ಲ? ಇವು ಕಟ್ಟೆಯ ಹರಟೆಯೆಂದು ತಳ್ಳಿಹಾಕತಕ್ಕ ಪ್ರಶ್ನೆಗಳಲ್ಲವೆಂದು ನಮ್ಮ ಮತ.

ನಮ್ಮ ಸೀಮೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳುವವರು ಇರಬಹುದು. ಮಳವಳ್ಳಿಯಿಂದ ಕಾವೇರಿಯನ್ನು ದಾಟಿ ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಮಲೆ ಮಹದೇಶ್ವರನ ದರ್ಶನಕ್ಕೆ ಹೋಗುವ ನಮ್ಮ ಜನರು ಅವನ ಕಾಡಿನ ಅಂಚಿನಲ್ಲಿಯೇ ನಡೆದವರು. 2000ನೆಯ ಇಸವಿ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರರನ್ನು ಅಪಹರಿಸಿ 108 ದಿನ ಅಡವಿಯಲ್ಲಿಟ್ಟುಕೊಂಡಾಗ ಅವನು ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿ ನ್ಯಾಯಮಂಡಲಿಯ 1991ರ ಮಧ್ಯಂತರ ಆದೇಶದ ಪಾಲನೆಯೂ ಒಂದು. ಮಂಡ್ಯದ ರೈತನ ಗದ್ದೆಯ ನೀರನ್ನು ಕಾಡಿನಲ್ಲಿ ಕುಳಿತ ಕಳ್ಳನೊಬ್ಬನು ಬಂದೂಕಿನ ಮೊನೆಯಿಂದ ಅಳೆಯಹೊರಟನು. ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರಲ್ಲಿ ಬರಿಗೈಯಿಂದ ಧ್ವಜವನ್ನೆತ್ತಿ ಸೆರೆಮನೆಗೆ ನಡೆದವರ ನೆಲವಿದು. ಜನರ ಹೆಸರಿನಲ್ಲಿ ಮಾತನಾಡುವ ಅಧಿಕಾರವು ಹೇಗೆ ದೊರೆಯುತ್ತದೆಂಬುದನ್ನು ಇಲ್ಲಿಯವರಿಗೆ ಅವನಿಂದ ಕಲಿಯಬೇಕಾಗಿರಲಿಲ್ಲ.

ಇನ್ನು ರೋಗದ ವಿಚಾರ. ಪೊಲೀಸಿನವರ ಹೇಳಿಕೆಯಂತೆ ಅವನ ಕಣ್ಣಿಗೆ ಪೊರೆ ಬಂದಿತ್ತು. ಚಿಕಿತ್ಸೆಗೆಂದು ಹೊರಟವನನ್ನು, ಸೇಲಂನ ಆಸ್ಪತ್ರೆಯೊಂದರ ಹೆಸರು ಬರೆದ ಆಂಬುಲೆನ್ಸಿನಲ್ಲಿ, ಗುಪ್ತವಾಗಿ ಒಳಸೇರಿದ್ದ ಪೊಲೀಸಿನವರೇ ಕರೆತಂದರು. ದಾರಿಯಲ್ಲಿ ಕಾದಿದ್ದ ತಮಿಳುನಾಡಿನ ವಿಶೇಷ ಕಾರ್ಯಪಡೆಯವರು ಶರಣಾಗೆಂದು ಕೂಗಿದರೆಂದೂ, ಒಳಗಿನಿಂದ ಗುಂಡು ಬರಲಾಗಿ ತಾವೂ ಹಾರಿಸಿದರೆಂದೂ ಹೇಳಲಾಯಿತು. ಅವನೊಡನೆ ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಎಂಬ ಮೂವರೂ ಮಡಿದರು. ಲೋಕಪ್ರಸಿದ್ಧವಾಗಿದ್ದ ಆ ಮೀಸೆಯೂ ಕತ್ತರಿಸಲ್ಪಟ್ಟಿತ್ತು.

ಪೊರೆಯ ಮಾತು ನಂಬಲಸಾಧ್ಯವಾದುದೇನೂ ಅಲ್ಲ. ಅದು ಗಿಡಮೂಲಿಕೆಗೆ ಕರಗುವ ವ್ಯಾಧಿಯಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಗುರಿಯನ್ನೇ ನಂಬಿ ಬದುಕಿದ ಬೇಟೆಗಾರನಿಗೆ ದೃಷ್ಟಿ ಮಂದವಾದರೆ, ಎಷ್ಟು ಸಹಸ್ರ ಚದರ ಮೈಲಿಯ ಕಾಡಿದ್ದರೇನು, ಪಟ್ಟಣದ ವೈದ್ಯನ ಬಾಗಿಲಿಗೆ ಬರಲೇಬೇಕು. ಒಂದು ಕಾಲಕ್ಕೆ ನೂರಾರು ಜನರ ತಂಡವನ್ನು ಕಟ್ಟಿದ್ದವನ ಜೊತೆಯಲ್ಲಿ ಕಡೆಗೆ ಉಳಿದವರು ಮೂವರು. ಎರಡು ರಾಜ್ಯಗಳ ಪಡೆಗಳಿಗೆ ದಶಕಗಳ ಕಾಲ ಸಿಕ್ಕದವನನ್ನು 52ನೆಯ ವಯಸ್ಸಿನಲ್ಲಿ ಅವನ ಕಣ್ಣೇ ಹಿಡಿದುಕೊಟ್ಟಿತೆಂದರೆ ವಿಧಿಯ ವಿಡಂಬನೆಯೆನ್ನಬೇಕು.

ಆದರೆ ನಂಬುವುದು ಬೇರೆ, ಪ್ರಮಾಣ ಬೇರೆ. ಹಿಡಿಯಹೋದವರ ಮಾತೊಂದೇ ನಮ್ಮ ಮುಂದಿದೆ. ಎದುರು ಹೇಳತಕ್ಕ ನಾಲ್ವರೂ ಸತ್ತರು. ಮಾನವ ಹಕ್ಕುಗಳ ಸಂಘದವರು ಆಗಲೇ ಈ ಕಥನವನ್ನು ಸಂದೇಹಿಸಿದ್ದರು. ಶಸ್ತ್ರಧಾರಿಗಳಾಗಿದ್ದ ನಾಲ್ವರು ಕೊಲೆಗಡುಕರ ಎದುರು ನಿಂತ ಪೊಲೀಸಿನವರ ಪ್ರಾಣಭಯವೂ ಸುಳ್ಳಲ್ಲ. ಶರಣಾಗತಿಯ ಮಾರ್ಗವನ್ನು ತೋರಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು 1991ರ ನವೆಂಬರಿನಲ್ಲಿ ಅವನು ಹೇಗೆ ಕೊಂದನೆಂಬುದನ್ನು ಯಾರು ಮರೆತಾರು? 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತುದನ್ನು ಯಾರು ಮರೆತಾರು? ಆದುದರಿಂದ ನಾವು ಅವನಿಗಾಗಿ ಕನಿಕರವನ್ನು ಬೇಡುತ್ತಿಲ್ಲ. ಅವನು ನ್ಯಾಯಾಸನದ ಮುಂದೆ ನಿಂತಿದ್ದರೆ, ದಂತವನ್ನೂ ಗಂಧದ ಮರವನ್ನೂ ಕೊಂಡವರಾರು, ಸಾಗಿಸಿದವರಾರು, ಕಣ್ಣು ಮುಚ್ಚಿಕೊಂಡಿದ್ದವರಾರು ಎಂಬುದು ಹೊರಬೀಳಬಹುದಾಗಿತ್ತು. ಅಡವಿಯಲ್ಲಿ ಕುಳಿತವನು ಆನೆಯ ಕೊಂಬನ್ನು ತಾನೇ ತಿನ್ನುತ್ತಿರಲಿಲ್ಲವಷ್ಟೆ.

ಅಮೆರಿಕಾ ದೇಶದ ಕುಪ್ರಸಿದ್ಧ ದರೋಡೆಕೋರನಾದ ಆಲ್ ಕಪೋನನ ಉದಾಹರಣೆಯನ್ನು ನೋಡಿರಿ. ಕೊಲೆಗಳನ್ನು ಸಾಧಿಸಲಾಗದೆ, ವರಮಾನ ತೆರಿಗೆಯ ಮೊಕದ್ದಮೆಯಲ್ಲಿ 1931ರಲ್ಲಿ ಅವನಿಗೆ 11 ವರ್ಷದ ಶಿಕ್ಷೆಯಾಯಿತು. ಸೆರೆಯಲ್ಲಿಯೇ ಉಪದಂಶ ರೋಗವು ಅವನ ಮಿದುಳಿಗೇರಿತು. 1939ರಲ್ಲಿ ಬಿಡುಗಡೆಯಾಗಿ 1947ರಲ್ಲಿ ಮನೆಯಲ್ಲಿ ಸತ್ತನು. ಅವನ ವ್ಯಾಧಿಯನ್ನು ಸೆರೆಮನೆಯ ವೈದ್ಯರು ನೋಡಿದರು, ಬರೆದಿಟ್ಟರು. ಪಾತಕಿಯನ್ನು ಕಾನೂನು ಹಿಡಿದಿಟ್ಟುಕೊಂಡಲ್ಲಿ ಅವನ ರೋಗಕ್ಕೂ ದಾಖಲೆಯಿರುತ್ತದೆ. ಗುಂಡು ಮುಗಿಸಿದಲ್ಲಿ ಊಹೆಗಳು ಬೆಳೆಯುತ್ತವೆ.

ಕಾನೂನಿನ ದಾರಿ ನಮ್ಮಲ್ಲಿ ಅಸಾಧ್ಯವೆನ್ನುವಂತೆಯೂ ಇಲ್ಲ. ರಾಜಕುಮಾರರ ಬಿಡುಗಡೆಗಾಗಿ ಟಾಡಾ ಕೈದಿಗಳನ್ನು ಬಿಡಲು ಸರ್ಕಾರದವರು ಸಿದ್ಧರಾದಾಗ ಅದನ್ನು ತಡೆದವರು, 1992ರಲ್ಲಿ ವೀರಪ್ಪನ್‌ನ ತಂಡಕ್ಕೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದರ ವೃದ್ಧ ತಂದೆ ಅಬ್ದುಲ್ ಕರೀಂ ಅವರು. ಮಗನನ್ನು ಕಳೆದುಕೊಂಡವರು ಪ್ರತೀಕಾರವನ್ನು ಕೇಳದೆ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರಿನಲ್ಲಿ ಗೆದ್ದರು. ಎರಡು ಸರ್ಕಾರಗಳಿಗಿಂತ ಆ ಒಬ್ಬ ತಂದೆಗೆ ಕಾನೂನಿನಲ್ಲಿ ಹೆಚ್ಚು ನಂಬಿಕೆಯಿತ್ತು.

ಇನ್ನೊಂದು ಮಾತು. ಬೇಟೆಯ ಹೆಸರಿನಲ್ಲಿ ಕಾಡಂಚಿನ ಹಳ್ಳಿಗರು ಪಟ್ಟ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವರ ಸಮಿತಿಯು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರವನ್ನು ಕೊಡಿಸಿತು. ಕಳ್ಳನಿಗೂ ಪೊಲೀಸಿಗೂ ನಡುವೆ ಸಿಕ್ಕಿ ನರಳಿದ ಈ ಬಡವರ ಗಾಯಗಳನ್ನು ಪರೀಕ್ಷಿಸುವುದಕ್ಕೆ ಯಾವ ಆಂಬುಲೆನ್ಸೂ ಬರಲಿಲ್ಲ.

ಉಭಯ ರಾಜ್ಯಗಳ ಸರ್ಕಾರದವರು ವೀರಪ್ಪನ್‌ನ ಕಡೆಯ ವರ್ಷಗಳ ಕಾಗದಪತ್ರಗಳನ್ನು, ವೈದ್ಯಕೀಯ ಮತ್ತು ಶವಪರೀಕ್ಷೆಯ ವರದಿಗಳೊಡನೆ ಒಂದೆಡೆ ಸೇರಿಸಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಪ್ರಕಟಿಸಿ, ಸಾಮಾನ್ಯ ಓದುಗನ ಕೈಗೆ ಸಿಕ್ಕುವಂತೆ ಮಾಡತಕ್ಕದ್ದು. ಕಾರ್ಯಪಡೆಯವರ ಮಾತು ಸತ್ಯವಾಗಿದ್ದರೆ ಅವರ ಕೀರ್ತಿಯು ಇದರಿಂದ ಬೆಳಗುವುದು. ಕಾಡುಗಳ್ಳನ ಕಣ್ಣಿನ ಪೊರೆ ಅವನೊಡನೆಯೇ ಮಣ್ಣಾಯಿತು. ಪ್ರಜೆಗಳ ಕಣ್ಣಿಗೆ ಕಟ್ಟಿರುವ ಪೊರೆಯನ್ನು ತೆಗೆಯುವ ಹೊಣೆ ಸರ್ಕಾರದವರದು.