ನಿಮಗಿದು ಗೊತ್ತೆ? ದಾರಿಹೋಕರಿಗಾಗಿ ಮುಂಬಯಿಯ ಪ್ಯಾವ್
2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಲೋಕಲ್ ರೈಲುಗಳು ನಿಂತಾಗ, ಸೊಂಟಮಟ್ಟದ ನೀರಿನಲ್ಲಿ ನಡೆದು ಹೊರಟವರಿಗೆ ಗುರುತು ಪರಿಚಯವಿಲ್ಲದ ಜನ ಚಹಾ, ಬಿಸ್ಕತ್ತು ಕೊಟ್ಟರು, ರಾತ್ರಿ ತಂಗಲು ಮನೆಬಾಗಿಲು ತೆರೆದರು. ಆಪತ್ತಿನಲ್ಲಿ ಯಾರ ಮನಸ್ಸಾದರೂ ಕರಗುತ್ತದೆ, ಅದು ಊರಿನ ಗುಣವೇನಲ್ಲ ಎಂದು ಆಕ್ಷೇಪಿಸಬಹುದು. ಆದರೆ ಈ ನಗರದ ಔದಾರ್ಯ ಆಪತ್ತಿಗಾಗಿ ಕಾದು ಕುಳಿತದ್ದಲ್ಲ. ಮಸ್ಜಿದ್ ಬಂದರ್ ಬಳಿಯ ಭಾತ್ ಬಜಾರಿನಲ್ಲಿ ವರ್ತಕ ಕೇಶವಜಿ ನಾಯಕ್ ಹೆಸರಿನ ಕಲ್ಲಿನ ಅರವಟ್ಟಿಗೆ 1876ರಲ್ಲೇ ಎದ್ದಿತು. ಪ್ಯಾವ್ ಎಂದು ಕರೆಯುವ ಇಂಥವನ್ನು ವರ್ತಕರು ಹಲವೆಡೆ ತಮ್ಮವರ ನೆನಪಿಗೆ ಕಟ್ಟಿಸಿದರು. ಕೆಲವುಗಳಲ್ಲಿ ದನಗಳಿಗೂ ತೊಟ್ಟಿಯಿದೆ. ಹೆಸರಿನ ಆಸೆಯೂ ಅಲ್ಲಿತ್ತಲ್ಲ ಎಂದರೆ, ಇದ್ದಿರಬಹುದು. ಆದರೂ ಬೊಗಸೆಯೊಡ್ಡಿ ಕುಡಿದು ಹೋದ ಹಮಾಲನಿಂದ ಕಟ್ಟಿಸಿದವರಿಗೆ ಮರಳಿ ಬರುವಂಥದ್ದು ಏನೂ ಇರಲಿಲ್ಲ.